ಅಣ್ಣಾನೂರ ಕೋಟೆಯಲ್ಲಿ ಮಾಮಾ

ಜಗಳ ಆಡುವವರ ಜೊತೆ ಸಂಸಾರ ಮಾಡಬಹುದು, ಮಾತು ಬಿಟ್ಟವರ ಜೊತೆ ಒಂದು ಕಪ್ ಚಹಾ ಕುಡಿಯುವುದೂ ಕಷ್ಟ. ಜಗಳ ಶುರುವಾಗುತ್ತದೆ, ನಡುವೆ ಒಂದೆರಡು ಪಾತ್ರೆ ಸದ್ದು ಮಾಡುತ್ತವೆ, ಮುಗಿಯುತ್ತದೆ. ಮಾತು ಬಿಡುವುದು ಹಾಗಲ್ಲ. ಅದು ನಮ್ಮ ವಿಜಯಪುರದ ಕಡೆಯ ಮಂದಿಗೆ ಹುಟ್ಟಿನಿಂದ ಬಂದ ವಿದ್ಯೆ. ನಮ್ಮ ಓಣಿಯಲ್ಲಿ ಅಣ್ಣತಮ್ಮಂದಿರಿಬ್ಬರು ಒಂದು ಎಮ್ಮೆಯ ಸಲುವಾಗಿ ಮಾತು ಬಿಟ್ಟವರು, ಆ ಎಮ್ಮೆ ಸತ್ತು ಅದರ ಮೊಮ್ಮಗಳು ಹಾಲು ಕೊಡತೊಡಗಿದರೂ ಒಬ್ಬರನ್ನೊಬ್ಬರು ಮಾತಾಡಿಸಿರಲಿಲ್ಲ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಮೂರನೆಯವನ ಮೂಲಕ ಮಳೆ ಬೆಳೆ ವಿಚಾರಿಸುತ್ತಿದ್ದರು. ಮೂರನೆಯವ ಸಿಗದ ದಿನ ಕಟ್ಟೆಯ ಮುಂದಿನ ಕಂಬಕ್ಕೆ ಹೇಳುತ್ತಿದ್ದರು. ಅದನ್ನು ನೋಡಿ ನಗುತ್ತ ಬೆಳೆದವನು ನಾನು. ನಲವತ್ತೆರಡನೆಯ ವಯಸ್ಸಿನಲ್ಲಿ, ಕತಾರಿನ ಅಲ್ ವುಕೈರ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ನಾನು ಆ ಕಂಬಕ್ಕಿಂತಲೂ ಕಡೆಯಾಗುವ ಯೋಗವಿದೆ ಎಂದು ಗೊತ್ತಿರಲಿಲ್ಲ.

ನನ್ನ ಜೊತೆ ಮಾತು ಬಿಟ್ಟವರು ನನ್ನ ಮಾವ. ಮಾವ ಎಂದರೆ ನನ್ನ ಹೆಂಡತಿ ಸುಧಾಳ ತಂದೆ. ಅದಕ್ಕೂ ಮೊದಲು ನನ್ನ ಅವ್ವನ ಖಾಸಾ ತಮ್ಮ. ಸೋದರಮಾವನ ಮಗಳನ್ನೇ ಮದುವೆಯಾದವನು ನಾನು. ಹಾಗಾಗಿ ಮಾತು ಬಂದ ದಿನದಿಂದ ಅವರನ್ನು 'ಮಾಮಾ' ಎಂದೇ ಕರೆದಿದ್ದೇನೆ. ಅವರೂ 'ಲೇ ಶ್ರೀಕಾಂತ್ಯಾ' ಎಂದು ಕಿವಿ ಹಿಂಡಿ, ಸೈಕಲ್ಲು ಕಲಿಸಿ, ಬಿದ್ದಾಗ ಮತ್ತೆರಡು ಏಟು ಕೊಟ್ಟು ನನ್ನನ್ನು ಬೆಳೆಸಿದವರು. ಆದರೆ ಸುಧಾಳಿಗೆ ತಾಳಿ ಕಟ್ಟಿದ ಗಳಿಗೆಯಿಂದ ನನಗೆ ಬಡ್ತಿ ಸಿಕ್ಕಿತು. 'ಲೇ' ಹೋಗಿ 'ರಿ' ಬಂತು. 'ಬರ್ರಿ, ಕೂಡ್ರಿ, ಊಟಾ ಮಾಡ್ರಿ, ಹೆಂಗದೀರಿ.' ಮೊದಮೊದಲು ಈ ಮರ್ಯಾದೆ ಹೊಸ ಬೂಟಿನಂತೆ ಕಚ್ಚುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ರೂಢಿಯಾಯಿತು. ಮಾಮಾ ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದರು. ಮೂವತ್ನಾಲ್ಕು ವರ್ಷ ಕಂಬ ಹತ್ತಿ ಇಳಿದವರು. ಗಾಳಿ ಮಳೆಗೆ ಊರು ಕತ್ತಲಾದರೆ ಜನ ಮೊದಲು ದೇವರನ್ನು ನೆನೆಯುತ್ತಿದ್ದರು, ಆಮೇಲೆ ಮಾಮಾನನ್ನು ಹುಡುಕುತ್ತಿದ್ದರು. ಬೆಳಕು ಬಂದ ಮೇಲೆ ಇಬ್ಬರನ್ನೂ ಮರೆಯುತ್ತಿದ್ದರು.

ಇನ್ನು ನನ್ನ ಉದ್ಯೋಗ. ಇಲ್ಲಿಯ ಗ್ಯಾಸ್ ಸ್ಥಾವರದ ಕಟ್ಟಡ ಕಾಮಗಾರಿಯಲ್ಲಿ ನಾನು ಸೇಫ್ಟಿ ಆಫೀಸರ್. ಬೇರೆಯವರು ಜಗತ್ತಿನಲ್ಲಿ ಸೌಂದರ್ಯ ಕಾಣುತ್ತಾರೆ, ನಾನು ಎಡವಿ ಬೀಳುವ ಜಾಗ ಕಾಣುತ್ತೇನೆ. ಅದಕ್ಕೇ ಸಂಬಳ. ಸಂಬಳ ಕೊಡುವುದು ಎಂಟು ತಾಸಿಗೆ ಮಾತ್ರ, ಆದರೆ ರೋಗ ಇಪ್ಪತ್ತನಾಲ್ಕು ತಾಸೂ ಇರುತ್ತದೆ. ನಮ್ಮ ಬಚ್ಚಲುಮನೆಯ ಮುಂದೆ 'ನೆಲ ಒದ್ದೆ ಇದೆ' ಎಂಬ ಹಳದಿ ಫಲಕ ಇದೆ, ಸೈಟಿನಿಂದ ತಂದದ್ದು. ಮಗಳು ಮೇಘನಾಳ ಹನ್ನೊಂದನೆಯ ಹುಟ್ಟುಹಬ್ಬಕ್ಕೆ ಕೇಕಿನ ಮೇಲೆ ಮೇಣದಬತ್ತಿ ಹಚ್ಚಿದಾಗ ನಾನು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲಿ ನಿಂತ ಫೋಟೋ ಇದೆ. ಬಂದ ಅತಿಥಿಗಳಿಗೆ ಕೂರಿ ಎನ್ನುವ ಮೊದಲು ತುರ್ತು ಮೆಟ್ಟಿಲು ಎಲ್ಲಿದೆ ಎಂದು ತೋರಿಸುತ್ತೇನೆ. "ನಿಮ್ಮ ಜೋಡಿ ಸಂಸಾರ ಮಾಡಾಕ ಹೆಲ್ಮೆಟ್ ಬೇಕ ನೋಡ್ರಿ" ಎಂದು ಸುಧಾ ಹೇಳಿದಾಗ ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಮಾಮಾ ನಮ್ಮಲ್ಲಿಗೆ ಬಂದು ಒಂದು ವಾರವಾಗಿತ್ತು. ಶುಕ್ರವಾರ ಸಂಜೆ ಓಲ್ಡ್ ಏರ್‌ಪೋರ್ಟ್ ಬಡಾವಣೆಯಿಂದ ಗೆಳೆಯ ಶೆಟ್ಟರು ಹೆಂಡತಿ ಮಕ್ಕಳೊಂದಿಗೆ ಚಹಾಕ್ಕೆ ಬಂದಿದ್ದರು. ಹಾಲಿನ ಟ್ಯೂಬ್‌ಲೈಟ್ ಮಿಟುಕಿಸತೊಡಗಿತು. ನಾನು ಅಡುಗೆಮನೆಯಿಂದ ಚಕ್ಕುಲಿ ತಟ್ಟೆ ಹಿಡಿದು ಬರುವಷ್ಟರಲ್ಲಿ ಮಾಮಾ ಧೋತರದ ಕಚ್ಚೆ ಬಿಗಿದು, ಕೈಯಲ್ಲಿ ಟೆಸ್ಟರ್ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದರು. ನನ್ನೊಳಗಿನ ಆಫೀಸರ್ ಎದ್ದುಬಿಟ್ಟ. ಸೈಟಿನಲ್ಲಿ ಕ್ರೇನಿನವನಿಗೆ ಕೇಳುವ ದನಿಯಲ್ಲಿ "ಸ್ಟಾಪ್ ವರ್ಕ್" ಎಂದು ಕೂಗಿ, ಓಡಿ ಹೋಗಿ, ಸೊಂಟ ಹಿಡಿದು ಅವರನ್ನು ಮಗುವಿನ ಹಾಗೆ ಎತ್ತಿ ಕೆಳಗಿಳಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಅರವತ್ತು ದಾಟಿದವರ ಎಲುಬಿನ ಬಗ್ಗೆ, ಎತ್ತರದಿಂದ ಬೀಳುವುದರ ಬಗ್ಗೆ ಐದು ನಿಮಿಷ ಉಪನ್ಯಾಸ ಕೊಟ್ಟು ಕೊನೆಗೆ, "ನಿಮಗ ಇದೆಲ್ಲಾ ಗೊತ್ತಾಗಂಗಿಲ್ಲ ಮಾಮಾ" ಎಂದೆ. ಶೆಟ್ಟರ ಕೈಯ ಕಪ್ಪು ಬಾಯಿಯ ಹತ್ತಿರ ನಿಂತುಬಿಟ್ಟಿತು. ಮಾಮಾ ಟೆಸ್ಟರನ್ನು ಜೇಬಿಗೆ ಸಿಕ್ಕಿಸಿ ಒಳಗೆ ಹೋದರು. ಎರಡು ದಿನದ ಮೇಲೆ ಬಿಲ್ಡಿಂಗಿನ ಎಲೆಕ್ಟ್ರಿಷಿಯನ್ ಬಂದು ಅದೇ ಸ್ಟೂಲಿನ ಮೇಲೆ ನಿಂತು ಟ್ಯೂಬ್ ಬದಲಿಸಿದ. ಮಾಮಾ ಎದುರಿನ ಸೋಫಾದಲ್ಲಿ ಕೂತು ಪೂರ್ತಿ ನೋಡಿದರು.

ಆ ಶುಕ್ರವಾರದಿಂದಲೇ ನನ್ನ ಜೊತೆ ಮಾತು ಬಂದ್. ಏನೇ ಹೇಳುವುದಿದ್ದರೂ ಮೇಘನಾಳ ಮೂಲಕ. ನಾನು ಎದುರಿಗೇ ಕೂತು ರೊಟ್ಟಿ ಮುರಿಯುತ್ತಿದ್ದರೂ, "ಮೇಘಾ, ನಿಮ್ಮ ಅಪ್ಪಾರಿಗೆ ಹೇಳು, ಮೊಸರು ಬೇಕಾದ್ರ ಇಲ್ಲೇ ಐತಿ ಅಂತ" ಎನ್ನುವರು. ಇಂಗ್ಲಿಷ್ ಶಾಲೆಯ ನನ್ನ ಮಗಳು ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡು, "ಅಪ್ಪಾ, ಅಜ್ಜ ಸೇಸ್ ಕರ್ಡ್ ಈಸ್ ಹಿಯರ್" ಎಂದು ಅನುವಾದಿಸುವಳು. ಕನ್ನಡದಲ್ಲಿ ಕಿವಿಗೆ ಬಿದ್ದದ್ದೇ ಮತ್ತೊಮ್ಮೆ ಇಂಗ್ಲಿಷಿನಲ್ಲಿ ಬಂದು ಚುಚ್ಚುವುದು. ನಾನು ಸುಮ್ಮನಿರಲಿಲ್ಲ. ಕಾರ್ನಿಷ್ ದಂಡೆಯ ಸಮುದ್ರ ತೋರಿಸಿದೆ, ಹಳೆಯ ಪೇಟೆ ಸೂಕಿನ ಪಾರಿವಾಳ ತೋರಿಸಿದೆ, ಓಲ್ಡ್ ಏರ್‌ಪೋರ್ಟಿನ ಅಂಗಡಿಗಳನ್ನೆಲ್ಲ ಜಾಲಾಡಿ ಜೋಳದ ಹಿಟ್ಟು ತಂದೆ. "ಮೇಘಾ, ನಿಮ್ಮ ಅಪ್ಪಾರಿಗೆ ಹೇಳು, ಹಿಟ್ಟು ಹಳೇದೈತಿ" ಎಂದರು.

ಒಂದು ದಿನ ಸುಧಾ ಒಲೆಯ ಮುಂದೆ ನಿಂತು, ನನ್ನ ಕಡೆ ತಿರುಗದೆಯೇ ಹೇಳಿದಳು. "ಈದ್ ಸೂಟಿ ಮುಗದು ಹತ್ತ ದಿನಕ್ಕ ಅಪ್ಪ ಊರಿಗೆ ಹೊಕ್ಕಾರ. ಇದನ್ನ ಮನಸ್ಸಿನ್ಯಾಗ ಇಟಗೊಂಡು ಹೋದ್ರ ಮತ್ತ ಈ ಮನಿ ಹೊಸ್ತಿಲಾ ತುಳಿಯಂಗಿಲ್ಲ. ಅವರ ಹಟ ನಿಮಗೂ ಗೊತ್ತೈತಿ. ನಂಗ ತವರಮನಿ, ಗಂಡನ ಮನಿ ಎರಡೂ ಒಂದಽ ರಕ್ತ. ಇಲ್ಲಿ ಸಿಟ್ಟು ಬಂದ್ರ ಅಲ್ಲಿ ಹೋಗಿ ಹೇಳೂಹಂಗಿಲ್ಲ, ಅಲ್ಲಿ ಬಂದ್ರ ಇಲ್ಲಿ ಹೇಳೂಹಂಗಿಲ್ಲ. ಏನರೆ ಮಾಡ್ರಿ." ಮೊಣಕೈಯಿಂದ ಕಣ್ಣೊತ್ತಿಕೊಂಡಳು. ಒಗ್ಗರಣೆಯ ಹೊಗೆ ಎಂದಳು. ಒಲೆಯ ಮೇಲೆ ಇದ್ದದ್ದು ಬರೀ ಹಾಲು.

ಏನಾದರೂ ಮಾಡಬೇಕು ಎಂದರೆ ಕತಾರಿನಲ್ಲಿರುವವರಿಗೆ ಹೊಳೆಯುವುದು ಒಂದೇ, ಜಾರ್ಜಿಯಾ. ಈದ್ ರಜೆ ಬಂದರೆ ಅರ್ಧ ದೋಹಾ ಅಲ್ಲಿರುತ್ತದೆ. ಮೂರು ತಾಸಿನ ಹಾರಾಟ, ಹಸಿರು ಗುಡ್ಡ, ತಣ್ಣನೆ ಗಾಳಿ. ಮರುಭೂಮಿಯಲ್ಲಿ ವರ್ಷಪೂರ್ತಿ ಎಸಿ ಕೆಳಗೆ ಕೂತವರಿಗೆ ಬೇರೇನು ಬೇಕು. ಮಾಮಾನ ಕತಾರ್ ವೀಸಾ ಪುಣ್ಯಕ್ಕೆ ಹೊರಗೆ ಹೋಗಿ ಮರಳಿ ಬರಬಹುದಾದದ್ದೇ ಆಗಿತ್ತು, ಜಾರ್ಜಿಯಾದ್ದನ್ನೂ ಓಡಾಡಿ ಮಾಡಿಸಿದೆ. ಸುಧಾ ಒಂದೇ ಷರತ್ತು ಹಾಕಿದಳು. "ಅಲ್ಲಿ ಹೋದ ಮ್ಯಾಲೆ ಹುಷಾರಿ, ನೋಡ್ಕೊಂಡು, ಬೀಳತೀರಿ, ಈ ಮೂರು ಶಬ್ದ ನಿಮ್ಮ ಬಾಯಾಗಿಂದ ಬರಬಾರದು. ಖಲಾಸ್." ಒಪ್ಪಿಕೊಂಡೆ. ವಿಮಾನದಲ್ಲಿ ಸುರಕ್ಷತಾ ಕಾರ್ಡನ್ನು ಎರಡು ಸಲ ಓದಿದೆ, ಮನಸ್ಸಿನಲ್ಲೇ.

ಜಾರ್ಜಿಯಾದ ರಾಜಧಾನಿ ತಿಬಿಲಿಸಿಯಲ್ಲಿ ಇಳಿದಾಗ ನಮ್ಮ ಕಾರಿನ ಚಾಲಕ ಕಾಯುತ್ತಿದ್ದ. ಗುಂಡಗಿನ ಮುಖದ, ಅಷ್ಟಿಷ್ಟು ಇಂಗ್ಲಿಷ್ ಬರುವ ಒಳ್ಳೆಯ ಮನುಷ್ಯ. ಬಿಳಿ ಧೋತರ, ಕೋಟು, ಬಿಳಿ ಟೋಪಿಯ ಮಾಮಾನನ್ನು ನೋಡಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, "ಗಮಾರ್‌ಜೋಬಾ" ಎಂದ. ಮಾಮಾ ನಿಂತಲ್ಲೇ ನಿಂತರು. "ಮೇಘಾ, ನಿಮ್ಮ ಅಪ್ಪಾರ್ನ ಕೇಳು, ಇಂವಾ ಗಮಾರ ಅಂದದ್ದು ನನಗೋ ಅವರಿಗೋ." ಅದು ಇವರ ನಮಸ್ಕಾರ ಎಂದು ತಿಳಿಸಿ ಹೇಳುವುದರಲ್ಲಿ ಸಾಕಾಯಿತು. ತಿಳಿದ ಮೇಲೆ ಮಾಮಾನಿಗೆ ಆ ಶಬ್ದ ಬಹಳ ಹಿಡಿಸಿತು. ಮರುದಿನ ಬೆಳಿಗ್ಗೆ ಹೋಟೆಲಿನ ಬಾಗಿಲಲ್ಲಿ ನಿಂತು ಚಾಲಕನಿಗೆ, ಕಸ ಗುಡಿಸುವವಳಿಗೆ, ತಿಂಡಿ ಬಡಿಸುವವರಿಗೆಲ್ಲ "ಗಮಾರಾ, ಗಮಾರಾ" ಎಂದು ಪ್ರೀತಿಯಿಂದ ಹೇಳಿದರು. ನನಗೂ ಒಮ್ಮೆ ಹೇಳಬಹುದು ಎಂದು ಪಕ್ಕದಲ್ಲೇ ಸುಳಿದಾಡಿದೆ. ಹೇಳಲಿಲ್ಲ.

ಆ ದಿನ ಹೋದದ್ದು ಕೋಟೆಗೆ. ಊರಿನಿಂದ ಉತ್ತರಕ್ಕೆ ಒಂದು ತಾಸಿನ ದಾರಿ. ಹೆಸರು ಅನಾನುರಿ. ಮಾಮಾ ಒಂದೇ ಸಲ ಕೇಳಿ ಅದನ್ನು 'ಅಣ್ಣಾನೂರ' ಮಾಡಿಕೊಂಡು ಬಿಟ್ಟರು. ಇಂಡಿ ತಾಲ್ಲೂಕಿನಲ್ಲಿ ಇಂಥದೊಂದು ಊರು ಇದ್ದರೂ ಇರಬಹುದು ಎನ್ನಿಸುವಂತೆ ಹೇಳುತ್ತಿದ್ದರು. ದಿಬ್ಬದ ಮೇಲೆ ಹಳೆಯ ಕಲ್ಲಿನ ಕೋಟೆ, ಒಳಗೆ ಚರ್ಚು, ಎತ್ತರದ ಚೌಕ ಬುರುಜು, ಕೆಳಗೆ ಹಸಿರು ನೀಲಿ ಬಣ್ಣದ ಸರೋವರ, ಸುತ್ತ ಗುಡ್ಡಗಳು. ಸುಧಾ, ಮೇಘನಾ ಇಬ್ಬರೂ ಬಾಯಿ ತೆರೆದು ನಿಂತರು. ಮಾಮಾ ಕಣ್ಣ ಮೇಲೆ ಕೈ ಅಡ್ಡ ಹಿಡಿದು ನೋಡಿ, "ಇದು ಕೆರಿ ಅಲ್ಲ, ನಮ್ಮ ಆಲಮಟ್ಟಿಯಂಗ ಡ್ಯಾಮಿನ ಹಿನ್ನೀರು. ಅಕಾ, ಅಲ್ಲಿ ಟವರ್ ಲೈನ್ ಹೊಂಟೈತಿ" ಎಂದರು. ಚಾಲಕ ಹೌದು, ಇಲ್ಲಿ ಕರೆಂಟ್ ತಯಾರಾಗುತ್ತದೆ ಎಂದ. ಆಮೇಲೆ ಮಾಮಾನ ಕಣ್ಣು ಸರೋವರದ ಕಡೆ ಹೋಗಲೇ ಇಲ್ಲ. ಗುಡ್ಡದಿಂದ ಗುಡ್ಡಕ್ಕೆ ಹೋದ ತಂತಿಯನ್ನೇ ಹಿಂಬಾಲಿಸುತ್ತಿತ್ತು. ನನ್ನ ಕಣ್ಣೂ ಸರೋವರ ನೋಡಲಿಲ್ಲ ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ಕೋಟೆಗೋಡೆಯ ಅಂಚಿಗೆ ಕಟಾಂಜನವಿಲ್ಲ, ಮೆಟ್ಟಿಲಿಗೆ ಹಿಡಿಕೆಯಿಲ್ಲ, ಕಲ್ಲು ಸವೆದು ನುಣುಪಾಗಿದೆ. ಹದಿಮೂರು ಅಪಾಯ ಎಣಿಸಿ ನುಂಗಿಕೊಂಡೆ.

ಚರ್ಚಿನ ಬಾಗಿಲಲ್ಲಿ ಇನ್ನೊಂದು ಪೇಚು. ನಾವೆಲ್ಲ ರೂಢಿಯಂತೆ ಚಪ್ಪಲಿ ಬಿಚ್ಚತೊಡಗಿದೆವು. ಚಾಲಕ ಬೇಡ ಬೇಡ ಎಂದು ತಡೆದು, ಸುಧಾಳಿಗೆ ತಲೆಯ ಮೇಲೆ ಓಢಣಿ ಹೊದೆಯಲು, ಮಾಮಾನಿಗೆ ಟೋಪಿ ತೆಗೆಯಲು ಹೇಳಿದ. ಮಾಮಾ ಸುಧಾಳ ಮುಖ ನೋಡಿದರು. "ತಲಿ ಬರಿದ ಮಾಡಿ, ಕಾಲಾಗ ಮೆಟ್ಟ ಹಾಕ್ಕೊಂಡು ದೇವರ ಮುಂದ ನಿಂದ್ರೂದಾ?" ಕೊನೆಗೆ ಟೋಪಿ, ಚಪ್ಪಲಿ ಎರಡನ್ನೂ ತೆಗೆದರು. ನಮ್ಮ ದೇವರಿಗೂ ಸಮಾಧಾನ, ಅವರ ದೇವರಿಗೂ ಸಮಾಧಾನ. ಒಳಗೆ ತಂಪು, ಜೇನುಮೇಣದ ವಾಸನೆ. ತೆಳ್ಳಗಿನ ಬತ್ತಿಯೊಂದನ್ನು ಹಚ್ಚಿ ಕಣ್ಣು ಮುಚ್ಚಿ ನಿಂತರು. ಹೊರಗೋಡೆಯ ಮೇಲೆ ಕೆತ್ತಿದ ದ್ರಾಕ್ಷಿ ಬಳ್ಳಿಯನ್ನು ಬೆರಳಿನಿಂದ ಮುಟ್ಟಿ, "ಇವರೂ ನಮ್ಮವರಂಗ ದ್ರಾಕ್ಷಿ ಬೆಳೀತಾರ" ಎಂದು ಗೋಡೆಗೇ ಹೇಳಿದರು.

ನಾನು ಬಳ್ಳಿಯ ಫೋಟೋ ತೆಗೆದು ತಿರುಗುವಷ್ಟರಲ್ಲಿ ಮಾಮಾ ಇರಲಿಲ್ಲ. ಅಂಗಳದ ಬಾವಿಯ ಹತ್ತಿರ ನೋಡಿದೆ, ಹೊರಬಾಗಿಲಲ್ಲಿ ನೋಡಿದೆ. ಕೊನೆಗೆ ಮೇಘನಾ ಬೆರಳು ತೋರಿಸಿದಳು. ಬುರುಜಿನ ತುದಿಯ ಕಿಂಡಿಯಲ್ಲಿ ಬಿಳಿ ಟೋಪಿ. ಷರತ್ತಿನ ಮೂರೂ ಶಬ್ದಗಳು ಬಾಯಿಗೆ ಬಂದವು, ಆದರೆ ಸುಧಾ ಪಕ್ಕದಲ್ಲೇ ಇದ್ದಳು. ಹಾಗಾಗಿ ಹೊಲದಿಂದ ಹೊಲಕ್ಕೆ ಕರೆಯುವ ನಮ್ಮ ಕಡೆಯ ರೀತಿಯಲ್ಲಿ, ಕೊನೆಗೊಂದು ಓ ಎಳೆದು, "ಮಾಮಾಓ" ಎಂದು ಕೂಗಿದೆ. ಟೋಪಿ ಅಲ್ಲಾಡಲಿಲ್ಲ. ಕತ್ತನ್ನು ಇನ್ನೂ ಮೇಲೆತ್ತಿ, "ಮಾಮಾಓ, ಮಾಮಾಓ" ಎಂದು ಮತ್ತೆರಡು ಸಲ ಕೂಗಿದೆ. ಚರ್ಚಿನ ಬಾಗಿಲು ತೆರೆಯಿತು. ಕಪ್ಪು ನಿಲುವಂಗಿ, ಎದೆಯವರೆಗೆ ಗಡ್ಡ ಇದ್ದ ಪಾದ್ರಿಯೊಬ್ಬರು ದಾಪುಗಾಲಿಡುತ್ತ ಬಂದು, ಆಕಾಶ ನೋಡುತ್ತ ಒದರುತ್ತಿದ್ದ ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣಲ್ಲಿ ಅಪಾರ ಕರುಣೆ ಇತ್ತು.

ಚಾಲಕ ನಕ್ಕು ವಿವರಿಸಿದ. ಇವರ ಭಾಷೆಯಲ್ಲಿ 'ಮಾಮಾ' ಎಂದರೆ ಅಪ್ಪ. ಚರ್ಚಿನ ಪಾದ್ರಿಯನ್ನು ಕರೆಯುವುದು 'ಮಾಮಾಓ' ಎಂದು. ವಿಜಯಪುರದ ಹೊಲದ ಕೂಗು ಇಲ್ಲಿಗೆ ಬಂದು ಧರ್ಮದ ಕೂಗಾಗಿತ್ತು. "ಅಪ್ಪಾ, ನೀವು ಕನ್ಫೆಷನ್ ಮಾಡ್ಬೇಕು ಅಂತ ಅವರು ಅನ್ಕೊಂಡಿದಾರೆ" ಎಂದು ಮೇಘನಾ ಸಂತೋಷದಿಂದ ಹೇಳಿದಳು. ಇಲ್ಲ, ನನ್ನ ಹೆಂಡತಿಯ ತಂದೆ ಮೇಲಿದ್ದಾರೆ ಎಂದು ಚಾಲಕನ ಮೂಲಕ ತಿಳಿಸಿದೆ. ಪಾದ್ರಿ ಮೇಲೆ ನೋಡಿದರು, ನನ್ನನ್ನು ನೋಡಿದರು, ಕೈಯಿಂದ ಮೆಟ್ಟಿಲು ತೋರಿಸಿದರು. ಚಾಲಕ ಹೇಳಿದ. "ಅವರು ಕೇಳ್ತಿದಾರೆ, ಇಲ್ಲಿಂದ ಯಾಕೆ ಕೂಗ್ತೀರಿ, ಹತ್ತಿ ಹೋಗಿ."

ಈಗ ನಿಜವಾದ ತಪ್ಪೊಪ್ಪಿಗೆ. ನನಗೆ ಎತ್ತರ ಎಂದರೆ ಭಯ. ಹದಿನಾರು ವರ್ಷದ ನೌಕರಿಯಲ್ಲಿ ಕಟ್ಟಡಕ್ಕೆ ಕಟ್ಟುವ ಅಟ್ಟಣಿಗೆಯ, ಅಂದರೆ ಸ್ಕ್ಯಾಫೋಲ್ಡಿಂಗಿನ ಮೊದಲ ಹಂತ ಬಿಟ್ಟು ಮೇಲೆ ಹೋದವನಲ್ಲ. ಕೆಳಗೆ ನಿಂತು, ಕತ್ತೆತ್ತಿ, ಮೇಲಿದ್ದವರಿಗೆ ಬುದ್ಧಿ ಹೇಳುವುದೇ ನನ್ನ ಹುದ್ದೆಯಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಸುಧಾಳಿಗೂ ಹೇಳಿರಲಿಲ್ಲ. ಅವಳು ಈಗ ನನ್ನನ್ನೇ ನೋಡುತ್ತಿದ್ದಳು. ಪಾದ್ರಿಯೂ ನೋಡುತ್ತಿದ್ದರು. ಮೆಟ್ಟಿಲ ಕಡೆ ನಡೆದೆ.

ಬುರುಜಿನ ಒಳಗೆ ಒಬ್ಬನೇ ಹೋಗುವಷ್ಟು ಇಕ್ಕಟ್ಟಾದ ಮೆಟ್ಟಿಲು. ಮೊದಲ ಮೂವತ್ತು ಹೇಗೋ ಹತ್ತಿದೆ. ಮುಂದೆ ಗೋಡೆಯಲ್ಲೊಂದು ದೊಡ್ಡ ಕಿಂಡಿ. ಅದರಾಚೆ ಗೋಡೆಯಿಲ್ಲ, ನೆಲವಿಲ್ಲ, ಬರೀ ಗಾಳಿ, ಬಹಳ ಕೆಳಗೆ ನೀರು. ಕೂತುಬಿಟ್ಟೆ. ಕಣ್ಣು ಮುಚ್ಚಿ ಕಲ್ಲನ್ನು ತಬ್ಬಿಕೊಂಡೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಮೇಲಿನಿಂದ ಚಪ್ಪಲಿಯ ಸಪ್ಪಳ ಬಂತು, ನಿಂತಿತು. ರೂಢಿಯಂತೆ, "ಮೇಘಾ, ನಿಮ್ಮ ಅಪ್ಪಾರಿಗೆ ಹೇಳು" ಎಂದು ಮಾಮಾ ಶುರು ಮಾಡಿದರು. ಮೇಘಾ ಕೆಳಗೆ ಅಂಗಳದಲ್ಲಿದ್ದಳು. ಮೆಟ್ಟಿಲ ಮೇಲೆ ನಾವಿಬ್ಬರೇ.

"ಲೇ ಶ್ರೀಕಾಂತ್ಯಾ" ಎಂದರು.

ಹದಿನಾಲ್ಕು ವರ್ಷದ ಮೇಲೆ ಕೇಳಿದ 'ಲೇ'. ನನಗೆ ಅಳು ಬಂತು. ಭಯಕ್ಕೋ, ಅದಕ್ಕೋ ಗೊತ್ತಿಲ್ಲ, ಬಂದದ್ದು ನಿಜ.

"ಆಕಡೆ ನೋಡಬ್ಯಾಡ. ಗ್ವಾಡಿ ಕಡೆ ಮಾರಿ ಮಾಡು. ಎರಡೂ ಕೈ ಕಲ್ಲ ಮ್ಯಾಲಿರಲಿ. ಈಗ ಒಂದಽ ಕಾಲ ಎತ್ತಿ ಮ್ಯಾಲಿಡು. ಮೂರು ಹಿಡದಿರಬೇಕು, ಒಂದು ಬಿಡಬೇಕು. ಅದು ಕೂತ ಮ್ಯಾಲೆ ಮತ್ತೊಂದು. ಗಡಬಡಿ ಮಾಡಬ್ಯಾಡ."

"ಕೆಳಗ ಇಳೀತೀನಿ ಮಾಮಾ."

"ಇಳಿಯೂದು ಹತ್ತೂದಕ್ಕಿಂತ ತ್ರಾಸ. ಎಂಟ ಮೆಟ್ಲ ಉಳದಾವ. ಬಾ."

ಮೂರು ಹಿಡಿ, ಒಂದು ಬಿಡು. ಇದನ್ನೇ ನಾನು ಪ್ರತಿ ತಿಂಗಳು ಬಣ್ಣದ ಚಿತ್ರ ತೋರಿಸಿ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಪಾಠ ಮಾಡುತ್ತೇನೆ. ಮಾಮಾ ಅದನ್ನು ಇಪ್ಪತ್ತಾರನೆಯ ವಯಸ್ಸಿನಲ್ಲಿ ಯಾವುದೋ ಕಂಬದ ಬುಡದಲ್ಲಿ ಹಿರಿಯ ಲೈನ್‌ಮನ್ ಒಬ್ಬರ ಬಾಯಿಂದ ಕಲಿತದ್ದಂತೆ. ಇಂಥವರಿಗೆ ನಾನು, ನಿಮಗ ಗೊತ್ತಾಗಂಗಿಲ್ಲ ಎಂದಿದ್ದೆ. ಎಂಟು ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಹಿಡಿಯಿತೋ, ತುದಿಯಲ್ಲಿ ಅವರು ನನ್ನ ರಟ್ಟೆ ಹಿಡಿದು ಗೋಡೆಗೆ ಒರಗಿಸಿ ಕೂಡಿಸಿದರು. ಕೈ ಇನ್ನೂ ಕಬ್ಬಿಣದಂತಿತ್ತು.

"ಮಾಮಾ, ಅವತ್ತ ಮಂದಿ ಮುಂದ ನಾ ಹಂಗ ಅನಬಾರದಿತ್ತು" ಎಂದೆ.

ಅವರು ಟವರ್ ಲೈನನ್ನೇ ನೋಡುತ್ತಿದ್ದರು. "ಸ್ಟೂಲ್ ಅಳ್ಳಾಡತಿತ್ತಲೇ. ನೀ ಹಿಡದದ್ದು ಬರೋಬರಿ. ಅಂದದ್ದು ತಪ್ಪು" ಎಂದರು. ಅಷ್ಟೇ. ನಲವತ್ತು ದಿನದ ಮೊಕದ್ದಮೆಗೆ ಇಷ್ಟು ಚಿಕ್ಕ ತೀರ್ಪು.

"ನನಗ ಎತ್ತರ ಅಂದ್ರ ಅಂಜಿಕಿ ಮಾಮಾ. ಮೊದಲಿಂದನೂ."

ಬೈಯುತ್ತಾರೆ, ಇಲ್ಲವೇ ನಗುತ್ತಾರೆ ಎಂದುಕೊಂಡೆ. ಎರಡೂ ಮಾಡಲಿಲ್ಲ. "ನಂಗೂ ಅಂಜಿಕಿನಽ. ಮೂವತ್ನಾಕ ವರ್ಷ ದಿನಾ ಅಂಜಕೋತಽ ಹತ್ತೀನಿ. ನನ್ನ ಜೋಡಿ ನೌಕರಿ ಸೇರಿದವರಾಗ ಇಬ್ಬರು ಅಂಜಿಕಿ ಇಲ್ಲದವರು ಇದ್ರು. ಅವರು ರಿಟೈರ್ ಆಗಲಿಲ್ಲ." ಆಮೇಲೆ ತಂತಿಯ ಕಡೆ ಬೆರಳು ಮಾಡಿ ಯಾವ ಗುಡ್ಡದಿಂದ ಬಂತು, ಯಾವ ಕಡೆ ಹೊರಟಿದೆ ಎಂದು ವಿವರಿಸತೊಡಗಿದರು. ಆಗಲೇ ನಾನು ಮೊದಲ ಸಲ ಸರೋವರ ನೋಡಿದ್ದು. ಚೆಂದವಿತ್ತು.

ಇಳಿದು ಬಂದಾಗ ಸುಧಾ ಮೆಟ್ಟಿಲ ಬುಡದಲ್ಲೇ ಕಾಯುತ್ತಿದ್ದಳು. ಅಪ್ಪನ ಬಾಯಿಂದ, "ಲೇ, ಆ ಕಡೀ ಮೆಟ್ಲ ನೋಡು" ಎಂದು ಬಂದದ್ದನ್ನು ಕೇಳಿ ಮುಖ ಆಚೆ ತಿರುಗಿಸಿ ಓಢಣಿಯಿಂದ ಕಣ್ಣೊರೆಸಿಕೊಂಡಳು. ಮಾಮಾ ಪಾದ್ರಿಯ ಎದುರು ಕೈ ಜೋಡಿಸಿ, "ಗಮಾರಾ, ಸ್ವಾಮ್ಯಾರ" ಎಂದರು. ಅವರೂ ಅಷ್ಟೇ ಗಂಭೀರವಾಗಿ ಉತ್ತರ ಕೊಟ್ಟರು.

ದೋಹಾಕ್ಕೆ ಮರಳಿದ ಮೇಲಿನ ಹತ್ತು ದಿನ ಮಾಮಾ ಮಾತಾಡಿದ್ದೇ ಮಾತಾಡಿದ್ದು. ಊರಿನ ಪ್ರತಿಯೊಬ್ಬರಿಗೂ ಫೋನ್ ಹಚ್ಚಿ ಸೇಫ್ಟಿ ಆಫೀಸರ್ ಅಳಿಯ ಅಣ್ಣಾನೂರ ಕೋಟೆಯ ಮೆಟ್ಟಿಲ ಮೇಲೆ ಕೂತ ಭಂಗಿಯನ್ನು ವರ್ಣಿಸಿದರು. ಶೆಟ್ಟರ ಮುಂದೆ ಅಭಿನಯಿಸಿಯೂ ತೋರಿಸಿದರು. ನಾನು ಎಲ್ಲರ ಜೊತೆ ನಕ್ಕೆ. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ, "ಮುಂದಿನ ಚಳಿಗಾಲಕ್ಕ ಬರ್ತೀನಿ" ಎಂದು ಅವರೇ ಹೇಳಿದರು, ಮೇಘನಾಳಿಗಲ್ಲ, ನನಗೆ.

ಕಳೆದ ವಾರ ಸೈಟಿನಲ್ಲಿ ಎತ್ತರದ ಕೆಲಸದ ತರಬೇತಿ ಇತ್ತು. ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಿಂದ ಬಸ್ಸಿನಲ್ಲಿ ಬಂದ ನಲವತ್ತು ಜನರ ಮುಂದೆ ನಿಂತು, ಎತ್ತರಕ್ಕೆ ಹೆದರುವವರು ಕೈ ಎತ್ತಿ ಎಂದೆ. ಒಬ್ಬನೂ ಎತ್ತಲಿಲ್ಲ. ಎತ್ತಿದರೆ ಕೆಲಸ ಹೋದೀತು ಎಂಬ ಭಯ ಎತ್ತರದ ಭಯಕ್ಕಿಂತ ದೊಡ್ಡದು. ನನ್ನ ಕೈಯನ್ನೇ ಮೊದಲು ಎತ್ತಿದೆ. ಸ್ವಲ್ಪ ಹೊತ್ತು ಬಿಟ್ಟು ಹಿಂದಿನ ಸಾಲಿನಲ್ಲೊಂದು ಕೈ ಎದ್ದಿತು, ಆಮೇಲೆ ನಾಲ್ಕು, ಕೊನೆಗೆ ಇಪ್ಪತ್ತು ವರ್ಷದಿಂದ ಸ್ಕ್ಯಾಫೋಲ್ಡಿಂಗ್ ಕಟ್ಟುವ ಮಲಯಾಳಿ ಫೋರ್‌ಮನ್ ಕೂಡ ಎತ್ತಿದ. ನಿಜ ಹೇಳಿದ್ದಕ್ಕೆ ಸಿಕ್ಕ ಬಹುಮಾನವೆಂದರೆ, ಹಾಗಾದರೆ ಸಾರ್ ನಮ್ಮ ಜೊತೆ ಹತ್ತಲಿ ಎಂದು ಎಲ್ಲರೂ ಸೇರಿ ನನ್ನನ್ನು ಹತ್ತಿಸಿದರು. ಮೂರು ಹಿಡಿದು, ಒಂದು ಬಿಟ್ಟು, ಎರಡನೆಯ ಹಂತ ದಾಟಿದೆ. ಆಗ ಆ ಫೋರ್‌ಮನ್ ಕೆಳಗೆ ಆರಾಮಾಗಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಕತ್ತೆತ್ತಿ, ಜೋಪಾನ ಸಾರ್, ಜೋಪಾನ ಎಂದು ಮಲಯಾಳದಲ್ಲಿ ಎಲ್ಲರ ಮುಂದೆ ಕೂಗಿದ. ಮೇಲಿನಿಂದ ನಾನು ಇಳಿಯಲು ಹಿಡಿದದ್ದು ಐದು ನಿಮಿಷ. ಅವನ ಮೇಲೆ ಬಂದ ಸಿಟ್ಟು ಇಳಿಯಲು ಎರಡು ದಿನ ಬೇಕಾಯಿತು.